ಮೊದಲ ಆರು ವಾರ: ಒಂದು ಪ್ರಣಾಳಿಕೆ

ಖಿನ್ನತೆಗೆ ಮಾತ್ರೆ ಬರೆಸಿಕೊಂಡು ಮನೆಗೆ ಹೋಗುವ ಪ್ರತಿಯೊಬ್ಬರಿಗೂ ಆ ಮಾತ್ರೆ ಮಿದುಳಿನೊಳಗೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ, ಎಷ್ಟು ದಿನ ತೆಗೆದುಕೊಳ್ಳುತ್ತದೆ ಎಂದು ತಮಗೆ ಅರ್ಥವಾಗುವ ಮಾತಿನಲ್ಲಿ ಕೇಳಿ ತಿಳಿಯುವ ಹಕ್ಕಿದೆ. ಆ ದಿನಗಳಲ್ಲಿ ಅವರ ಜೊತೆ ನಿಲ್ಲುವ ಹೊಣೆ ಮನೆಯವರದು, ಆಸ್ಪತ್ರೆಯದು, ಕೆಲಸ ಕೊಟ್ಟವರದು, ಸರ್ಕಾರದ್ದು. ಈ ಎರಡು ಮಾತಿಗಾಗಿ ನಾವು ಒಂದಾಗಿದ್ದೇವೆ.

ನಮ್ಮಲ್ಲಿ ಮಾತ್ರೆ ತೆಗೆದುಕೊಂಡು ಗುಣವಾದವರಿದ್ದಾರೆ, ಈಗಲೂ ತೆಗೆದುಕೊಳ್ಳುತ್ತಿರುವವರಿದ್ದಾರೆ, ಅರ್ಧಕ್ಕೆ ಬಿಟ್ಟು ಮತ್ತೆ ಹಾಸಿಗೆ ಹಿಡಿದವರಿದ್ದಾರೆ. ಮಗಳ ಕೈಗೆ ನೀರಿನ ಲೋಟ ಕೊಟ್ಟು ನುಂಗುವವರೆಗೂ ಕಾದ ಅಮ್ಮಂದಿರಿದ್ದಾರೆ. ಆಶಾ ಕಾರ್ಯಕರ್ತೆಯರು, ಮೆಡಿಕಲ್ ಶಾಪ್ ನಡೆಸುವವರು, ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವವರು, ಕೆಲವು ವೈದ್ಯರೂ ಇದ್ದಾರೆ. ನಾವು ಮಾತ್ರೆಯ ವಿರೋಧಿಗಳಲ್ಲ, ಮಾತ್ರೆಯ ಪ್ರಚಾರಕರೂ ಅಲ್ಲ.

ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಯ ಮುಂದೆ ಅರ್ಧ ಗಂಟೆ ನಿಂತರೆ ನಮ್ಮ ತಕರಾರು ಏನೆಂದು ಗೊತ್ತಾಗುತ್ತದೆ. ಚೀಟಿಯಲ್ಲಿ ಮಾತ್ರೆಯ ಹೆಸರಿನ ಮುಂದೆ 0-0-1 ಎಂದು ಬರೆದಿರುತ್ತದೆ. ಕಿಟಕಿಯ ಒಳಗಿನವರು ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ, ಕಾಗದದ ಕವರಿಗೆ ಹಾಕಿ, ಅದರ ಮೇಲೆ ಪೆನ್ನಿನಲ್ಲಿ ಒಂದು ಗೀಟು ಎಳೆಯುತ್ತಾರೆ. ‘ರಾತ್ರಿ ಊಟ ಆದ್ಮೇಲೆ ಒಂದು. ಹದಿನೈದು ದಿನ ಬಿಟ್ಟು ಬನ್ನಿ.’ ‘ಇದು ಯಾತಕ್ಕೆ ಮೇಡಂ?’ ‘ಟೆನ್ಷನ್‌ಗೆ.’ ಅಷ್ಟರಲ್ಲಿ ಹಿಂದಿನವರು ಕೈ ಒಳಗೆ ಚಾಚಿಯಾಗಿರುತ್ತದೆ. ಆ ಸಿಬ್ಬಂದಿಯನ್ನು ನಾವು ದೂರುತ್ತಿಲ್ಲ, ಅವರ ಮುಂದೆ ಇನ್ನೂ ಎಂಬತ್ತು ಜನ ನಿಂತಿದ್ದಾರೆ. ಆದರೆ ಮನೆಯಲ್ಲಿ ಆಗುವುದು ಇದು: ಮೂರನೇ ದಿನಕ್ಕೆ ವಾಕರಿಕೆ, ಹೊಟ್ಟೆ ಕೆಡುವುದು, ಕೂತಲ್ಲಿ ಕೂರಲಾಗದ ಚಡಪಡಿಕೆ. ಮನಸ್ಸಿನ ಭಾರ ಮಾತ್ರ ಹಾಗೇ ಇದೆ. ಪಕ್ಕದ ಮನೆಯವರು ‘ನಿದ್ದೆ ಮಾತ್ರೆ ಕಣ್ರೀ, ಅಭ್ಯಾಸ ಆಗ್ಬಿಡುತ್ತೆ’ ಅನ್ನುತ್ತಾರೆ. ಹತ್ತನೇ ದಿನದ ಹೊತ್ತಿಗೆ ಕವರ್ ಬೀರುವಿನ ಮೂಲೆ ಸೇರಿರುತ್ತದೆ. ಮಾತ್ರೆ ಕೆಲಸ ಶುರುಮಾಡುವ ಹೊತ್ತಿಗೆ ಸರಿಯಾಗಿ ಅದನ್ನು ಬಿಟ್ಟವರು ನಮ್ಮಲ್ಲೇ ಎಷ್ಟೋ ಮಂದಿ.

ಈ ಹತ್ತು ದಿನದ ಆಚೆಗೆ ಏನಿದೆ ಎಂದು ಯಾರೂ ಹೇಳಲಿಲ್ಲ. ಹೇಳಿದವರೂ ಹೇಳಿದ್ದು ಒಂದೇ ಕಥೆ: ಮಿದುಳಿನಲ್ಲಿ ಸೆರೊಟೊನಿನ್ ಕಡಿಮೆಯಾಗಿದೆ, ಮಾತ್ರೆ ಅದನ್ನು ತುಂಬುತ್ತದೆ. ಆ ಕಥೆ ಹುಟ್ಟಿದ್ದಕ್ಕೆ ಕಾರಣವಿತ್ತು. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯಕ್ಕೆಂದು ಇಪ್ರೊನಿಯಾಜಿಡ್ ಕೊಟ್ಟಾಗ ರೋಗಿಗಳ ಮುಖದಲ್ಲಿ ಕಳೆ ಬಂತು. ಇಮಿಪ್ರಮಿನ್ ಖಿನ್ನತೆಯನ್ನು ಇಳಿಸುತ್ತದೆ ಎಂದು ಸ್ವಿಟ್ಜರ್ಲೆಂಡಿನ ರೋಲಂಡ್ ಕುನ್ 1957ರಲ್ಲಿ ಬರೆದರು. ನಮ್ಮ ಸರ್ಪಗಂಧದಿಂದ ತೆಗೆದ ರೆಸರ್ಪಿನ್ ರಕ್ತದೊತ್ತಡ ಇಳಿಸುತ್ತಿದ್ದರೂ ಕೆಲವರನ್ನು ಖಿನ್ನತೆಗೆ ದೂಡುತ್ತದೆ ಎಂಬ ವರದಿಗಳು ಅದೇ ಕಾಲದಲ್ಲಿ ಬಂದವು. ಎರಡು ಔಷಧಿಗಳು ಮಿದುಳಿನ ಕೆಲವು ರಾಸಾಯನಿಕಗಳನ್ನು ಏರಿಸುತ್ತಿದ್ದವು, ಮೂರನೆಯದು ಅವನ್ನೇ ಇಳಿಸುತ್ತಿತ್ತು. ಜೋಸೆಫ್ ಶಿಲ್ಡ್‌ಕ್ರಾಟ್ 1965ರಲ್ಲಿ ಈ ಎಳೆಗಳನ್ನು ಸೇರಿಸಿ ಒಂದು ಸಿದ್ಧಾಂತ ಕಟ್ಟಿದರು. ಅವರು ಒತ್ತು ಕೊಟ್ಟದ್ದು ನಾರ್‌ಅಡ್ರಿನಲಿನ್‌ಗೆ. 1987ರ ಕೊನೆಗೆ ಅಮೆರಿಕದಲ್ಲಿ ಸೆರೊಟೊನಿನ್ ಮೇಲೆ ಕೆಲಸ ಮಾಡುವ ಫ್ಲುಆಕ್ಸೆಟಿನ್‌ಗೆ ಅನುಮತಿ ಸಿಕ್ಕ ಮೇಲೆ ಜನರ ಬಾಯಲ್ಲಿ ಉಳಿದದ್ದು ಸೆರೊಟೊನಿನ್. ಖಿನ್ನತೆಗೆ ಸೆರೊಟೊನಿನ್ ಕೊರತೆಯೇ ಕಾರಣ ಎನ್ನಲು ಗಟ್ಟಿ ಪುರಾವೆ ಇಲ್ಲವೆಂದು 2022ರಲ್ಲಿ ಜೊವಾನ್ನ ಮಾನ್‌ಕ್ರೀಫ್ ಮತ್ತು ಸಂಗಡಿಗರು ದಶಕಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ ಬರೆದಾಗ ಎಷ್ಟೋ ಜನ ಬೆಚ್ಚಿದರು. ‘ಹಾಗಾದರೆ ಮಾತ್ರೆಯೂ ಸುಳ್ಳೇ?’ ಎಂದು ನಮ್ಮಲ್ಲೇ ಕೆಲವರು ಕೇಳಿದರು.

ಸುಳ್ಳಲ್ಲ. ಆಂಡ್ರಿಯಾ ಸಿಪ್ರಿಯಾನಿ ತಂಡ 2018ರಲ್ಲಿ 522 ಪ್ರಯೋಗಗಳ, 1,16,477 ಜನರ ಮಾಹಿತಿಯನ್ನು ಒಟ್ಟುಗೂಡಿಸಿತು. ಪರೀಕ್ಷಿಸಿದ 21 ಔಷಧಿಗಳೂ ಹುಸಿಮಾತ್ರೆಗಿಂತ ಹೆಚ್ಚು ಫಲ ಕೊಟ್ಟಿದ್ದವು. ಆ ಹೆಚ್ಚಳ ಸರಾಸರಿಯಲ್ಲಿ ದೊಡ್ಡದಲ್ಲ ಎನ್ನುವುದೂ ಅಷ್ಟೇ ನಿಜ. ಮಾತ್ರೆ ಕೆಲಸ ಮಾಡುತ್ತದೆ, ಆದರೆ ಅದು ಹೇಗೆಂದು ನಮಗೆ ಹೇಳಿದ ಕಥೆ ಸಾಲದು. ಕಥೆ ಸಾಲದು ಎಂಬ ಅನುಮಾನ ವಿಜ್ಞಾನಿಗಳಿಗೆ ಮೊದಲಿಂದಲೂ ಇತ್ತು. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ನರಕೋಶಗಳು ಸೆರೊಟೊನಿನ್ ಅನ್ನು ಮತ್ತೆ ಒಳಗೆ ಹೀರಿಕೊಳ್ಳುವುದು ತಡೆಯಲ್ಪಡುತ್ತದೆ. ಕೊರತೆ ತುಂಬುವುದಷ್ಟೇ ಕೆಲಸವಾಗಿದ್ದರೆ ಮರುದಿನವೇ ಮನಸ್ಸು ಹಗುರಾಗಬೇಕಿತ್ತು. ಕೆಲವರಿಗೆ ಮೊದಲೆರಡು ವಾರದಲ್ಲೇ ಅಷ್ಟಿಷ್ಟು ಬದಲಾವಣೆ ಕಾಣುತ್ತದೆ, ಆದರೆ ಪೂರ್ತಿ ಫಲಕ್ಕೆ ನಾಲ್ಕರಿಂದ ಆರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಗಂಟೆಗೂ ವಾರಕ್ಕೂ ನಡುವಿನ ಈ ಅಂತರದಲ್ಲಿ ಏನು ನಡೆಯುತ್ತದೆ?

ಈ ಪ್ರಶ್ನೆಗೆ ಸಿಗುತ್ತಿರುವ ಉತ್ತರದ ಒಂದು ದೊಡ್ಡ ಪಾಲು ಬೆಳವಣಿಗೆಯ ಪ್ರೋಟೀನುಗಳಲ್ಲಿದೆ. ನರಕೋಶಗಳು ಬದುಕಲು, ಕವಲೊಡೆಯಲು, ಒಂದರ ಜೊತೆ ಒಂದು ಸಂಪರ್ಕ ಬೆಳೆಸಲು ಬೇಕಾದ ಪ್ರೋಟೀನುಗಳಿವು. ಅಂಥ ಮೊದಲನೆಯದನ್ನು ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೊಹೆನ್ ಅವರಿಗೆ 1986ರ ನೊಬೆಲ್ ಬಂತು. ನಮಗೆ ಮುಖ್ಯವಾದದ್ದು ಅದರ ತಮ್ಮನಂಥ ಬಿಡಿಎನ್‌ಎಫ್. 1982ರಲ್ಲಿ ಜರ್ಮನಿಯಲ್ಲಿ ಈವ್-ಅಲೆನ್ ಬಾರ್ಡ್, ಡೇವಿಡ್ ಎಡ್ಗರ್, ಹಾನ್ಸ್ ಥೋನೆನ್ ಇದನ್ನು ಹಂದಿಯ ಮಿದುಳಿನಿಂದ ಬೇರ್ಪಡಿಸಿದರು. ಒಂದೂವರೆ ಕಿಲೋ ಮಿದುಳಿಗೆ ಸಿಕ್ಕಿದ್ದು ಒಂದು ಮೈಕ್ರೊಗ್ರಾಂನ ಆಸುಪಾಸು. ಇಷ್ಟು ಕಡಿಮೆ ಪ್ರಮಾಣದಲ್ಲಿರುವ ಈ ಪ್ರೋಟೀನು ನರಕೋಶದ ಹೊರಮೈಯಲ್ಲಿರುವ ಟ್ರ್ಕ್‌ಬಿ ಎಂಬ ಗ್ರಾಹಕವನ್ನು ಮುಟ್ಟಿದಾಗ ಒಳಗೆ ಸರಣಿ ಸಂಕೇತಗಳು ಏಳುತ್ತವೆ. ಕವಲುಗಳ ಮೇಲಿನ ಸಣ್ಣ ಮುಳ್ಳುಗಳು ಹೆಚ್ಚುತ್ತವೆ, ದುರ್ಬಲ ಸಂಪರ್ಕ ಬಲವಾಗುತ್ತದೆ.

ಎಡೆಬಿಡದ ಒತ್ತಡ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಬಿಡಿಎನ್‌ಎಫ್ ತಯಾರಿಕೆಯನ್ನು ತಗ್ಗಿಸುತ್ತದೆ ಎಂದು 1995ರಲ್ಲಿ ಕಂಡುಬಂತು. ನೆನಪು, ಭಯ, ಒತ್ತಡದ ಹತೋಟಿ ಎಲ್ಲವೂ ಹಾದುಹೋಗುವ ಮಿದುಳಿನ ಭಾಗ ಅದು. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದಲ್ಲಿ ನಿಬುಯಾ, ಮೊರಿನೊಬು, ರೊನಾಲ್ಡ್ ಡುಮಾನ್ ಇದರ ಇನ್ನೊಂದು ಮಗ್ಗುಲು ತೋರಿಸಿದರು: ಖಿನ್ನತೆಯ ಔಷಧಿ ಕೊಟ್ಟರೆ ಇಲಿಗಳಲ್ಲಿ ಬಿಡಿಎನ್‌ಎಫ್ ಏರುತ್ತದೆ. ಒಂದು ದಿನ ಕೊಟ್ಟರೆ ಏರಲಿಲ್ಲ, ವಾರಗಟ್ಟಲೆ ಕೊಟ್ಟಾಗಲೇ ಏರಿದ್ದು. ಎಷ್ಟೋ ಮನೆಗಳಲ್ಲಿ ಯಾರಿಗೂ ಅರ್ಥವಾಗದೆ ಉಳಿದ ಆ ಹತ್ತು ದಿನಕ್ಕೆ ವಿವರಣೆ ಇಲ್ಲಿಂದ ಶುರುವಾಗುತ್ತದೆ. ಸೆರೊಟೊನಿನ್ ಏರುವುದು ಮೊದಲ ಮೆಟ್ಟಿಲಷ್ಟೆ. ಅದರ ಸಂಕೇತ ನರಕೋಶದ ಕೇಂದ್ರ ತಲುಪಬೇಕು, ಅಲ್ಲಿ ಜೀನು ಚಾಲೂ ಆಗಬೇಕು, ಪ್ರೋಟೀನು ತಯಾರಾಗಬೇಕು, ಹೊರಬರಬೇಕು, ಸಂಪರ್ಕಗಳನ್ನು ಮಾರ್ಪಡಿಸಬೇಕು. ಮುಂದೆ ಮುಂಬೈಯ ಟಿಐಎಫ್‌ಆರ್‌ನಲ್ಲಿ ತಮ್ಮ ಪ್ರಯೋಗಾಲಯ ಕಟ್ಟಿದ ವಿದಿತಾ ವೈದ್ಯ ಯೇಲ್‌ನಲ್ಲಿ ಡುಮಾನ್ ಜೊತೆ ದುಡಿದವರು. ಸೆರೊಟೊನಿನ್ ಗ್ರಾಹಕಗಳಿಗೂ ಬಿಡಿಎನ್‌ಎಫ್‌ಗೂ ಇರುವ ನಂಟಿನ ಬಗ್ಗೆ ಅವರ ಆರಂಭದ ಕೆಲಸವಿದೆ. 2022ರ ಇನ್ಫೋಸಿಸ್ ಪ್ರಶಸ್ತಿ ಅವರಿಗೆ ಬಂದಾಗ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಆದರೆ ಅವರ ವಿಷಯ ನಮ್ಮ ಮನೆಯ ಬೀರುವಿನ ಮೂಲೆಯಲ್ಲಿ ಬಿದ್ದಿರುವ ಕವರಿಗೆ ಸಂಬಂಧಿಸಿದ್ದು ಎಂದು ಯಾರೂ ನಮಗೆ ಹೇಳಲಿಲ್ಲ.

ಇನ್ನೂ ಮುಖ್ಯವಾದ ಮಾತು ಮುಂದಿದೆ, ನಮ್ಮ ಚಳವಳಿ ಹುಟ್ಟಿದ್ದೂ ಅದರಿಂದಲೇ. 2008ರಲ್ಲಿ ಬೆಳೆದ ಇಲಿಗಳ ಮೇಲೆ ಒಂದು ಪ್ರಯೋಗ ನಡೆಯಿತು. ಮರಿಯಾಗಿದ್ದಾಗ ಒಂದು ಕಣ್ಣು ಮುಚ್ಚಿದ್ದರಿಂದ ಆ ಕಣ್ಣಿನ ದೃಷ್ಟಿ ಮಂದವಾಗಿದ್ದ ಇಲಿಗಳಿಗೆ ಫ್ಲುಆಕ್ಸೆಟಿನ್ ಕೊಟ್ಟು, ಒಳ್ಳೆಯ ಕಣ್ಣನ್ನು ಮುಚ್ಚಿ ಮಂದ ಕಣ್ಣಿನಿಂದಲೇ ನೋಡುವಂತೆ ಮಾಡಿದಾಗ ದೃಷ್ಟಿ ಮರಳಿತು. 2011ರಲ್ಲಿ ಕಾರ್ಪೊವಾ, ಈರೊ ಕಾಸ್ಟ್ರೆನ್ ಮತ್ತಿತರರು ಇಲಿಗಳ ಭಯದ ನೆನಪನ್ನು ಪರೀಕ್ಷಿಸಿದರು. ಔಷಧಿ ಮಾತ್ರ ಕೊಟ್ಟಾಗ ಭಯ ಹೋಗಲಿಲ್ಲ. ಭಯ ಬಿಡಿಸುವ ತರಬೇತಿ ಮಾತ್ರ ಕೊಟ್ಟಾಗ ಹೋದ ಭಯ ಮತ್ತೆ ಮರಳಿತು. ಎರಡೂ ಸೇರಿದಾಗ ಭಯ ಮರಳದಂತೆ ಅಳಿಸಿಹೋಯಿತು. ಇಟಲಿಯಲ್ಲಿ ನಡೆದ ಮತ್ತೊಂದು ಕೆಲಸದಲ್ಲಿ ಫ್ಲುಆಕ್ಸೆಟಿನ್ ಕೊಟ್ಟ ಇಲಿಗಳನ್ನು ಒಳ್ಳೆಯ ಪರಿಸರದಲ್ಲಿಟ್ಟಾಗ ಸುಧಾರಿಸಿದವು, ಒತ್ತಡದಲ್ಲಿಟ್ಟಾಗ ಸುಧಾರಿಸಲಿಲ್ಲ, ಕೆಲವು ಲಕ್ಷಣಗಳು ಇನ್ನೂ ಹದಗೆಟ್ಟವು.

ಮಳೆ ಬಿದ್ದು ಹದವಾದ ನೆಲವನ್ನು ರೈತ ಕೈಕಟ್ಟಿ ನೋಡುತ್ತಾ ಕೂರುವುದಿಲ್ಲ. ಹದ ಮೂರು ದಿನ ನಿಲ್ಲುತ್ತದೆ, ಅಷ್ಟರೊಳಗೆ ಬಿತ್ತಬೇಕು, ಬಿತ್ತದಿದ್ದರೆ ಅದೇ ಹದದಲ್ಲಿ ಕಳೆ ಏಳುತ್ತದೆ. ಮಾತ್ರೆ ಮಿದುಳಿಗೆ ಕೊಡುವುದು ಆ ಹದವನ್ನು ಎಂದು ಈ ಸಾಲು ಸಾಲು ಪ್ರಯೋಗಗಳನ್ನು ಓದಿದಾಗ ನಮಗನ್ನಿಸಿತು. ಬದಲಾಗುವ ಶಕ್ತಿಯನ್ನು ಅದು ತರುತ್ತದೆ. ಯಾವ ಕಡೆಗೆ ಬದಲಾಗಬೇಕು ಎನ್ನುವುದನ್ನು ಆ ವಾರಗಳ ಬದುಕು ತೀರ್ಮಾನಿಸುತ್ತದೆ: ನಿದ್ದೆ, ನಡಿಗೆ, ಮನೆಯಲ್ಲಿ ಆಡುವ ಮಾತು, ಆಪ್ತ ಸಮಾಲೋಚಕರ ಜೊತೆ ಕಳೆಯುವ ಗಂಟೆ, ಸಾಲದವನ ಫೋನು, ಕುಡಿದು ಬರುವ ಗಂಡ. ಹೊಡೆಯುವ ಮನೆಗೆ ಮಾತ್ರೆಯೊಂದನ್ನೇ ಕಳುಹಿಸಿ ಗುಣವಾಗಲಿ ಎಂದು ಕಾಯುವುದು ವೈದ್ಯಕೀಯವಲ್ಲ ಎಂದು ನಾವು ಗಟ್ಟಿಯಾಗಿ ಹೇಳುತ್ತೇವೆ.

ಇಷ್ಟು ಹೇಳಿದ ಮೇಲೆ ಎಲ್ಲಿ ಎಚ್ಚರ ಬೇಕು ಎಂದೂ ಹೇಳಲೇಬೇಕು. ಸೆರೊಟೊನಿನ್ ಕಥೆಯ ಜಾಗದಲ್ಲಿ ಬಿಡಿಎನ್‌ಎಫ್ ಎಂಬ ಇನ್ನೊಂದು ಸಲೀಸು ಕಥೆಯನ್ನು ಕೂರಿಸಲು ನಾವು ಬಂದಿಲ್ಲ. ಇಲಿ ಇಲಿಯೇ, ಮನುಷ್ಯ ಮನುಷ್ಯನೇ. ಮಂದದೃಷ್ಟಿಯ ವಯಸ್ಕರಿಗೆ ತರಬೇತಿಯ ಜೊತೆ ಫ್ಲುಆಕ್ಸೆಟಿನ್ ಕೊಟ್ಟು ನೋಡಿದ ಪ್ರಯೋಗವೊಂದರಲ್ಲಿ ಹುಸಿಮಾತ್ರೆಯವರಿಗೂ ಅಷ್ಟೇ ಸುಧಾರಣೆ ಆಗಿತ್ತು. ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶ ಹುಟ್ಟುವುದನ್ನು ತಡೆದರೆ ಇಲಿಗಳಲ್ಲಿ ಔಷಧಿಯ ಫಲವೇ ಸಿಗುವುದಿಲ್ಲ ಎಂದು 2003ರಲ್ಲಿ ಸಂಟಾರೆಲ್ಲಿ, ರೆನೆ ಹೆನ್ ತಂಡ ತೋರಿಸಿತ್ತು. ಆದರೆ ವಯಸ್ಕ ಮನುಷ್ಯರಲ್ಲಿ ಹೊಸ ನರಕೋಶ ಹುಟ್ಟುತ್ತವೆಯೇ ಎಂಬ ಬಗ್ಗೆಯೇ 2018ರಲ್ಲಿ ಕೆಲವು ವಾರಗಳ ಅಂತರದಲ್ಲಿ ಎರಡು ವಿರುದ್ಧ ವರದಿಗಳು ಬಂದವು. ಬಿಡಿಎನ್‌ಎಫ್ ಎಲ್ಲ ಕಡೆಯೂ ಒಳ್ಳೆಯದನ್ನೇ ಮಾಡುತ್ತದೆ ಎಂದೂ ಇಲ್ಲ. ಹಿಪ್ಪೊಕ್ಯಾಂಪಸ್‌ನಲ್ಲಿ ಅದು ಹೆಚ್ಚಾದರೆ ಇಲಿ ಚುರುಕಾಗುತ್ತದೆ. ಆಸೆ, ಖುಷಿಗಳಿಗೆ ಸಂಬಂಧಿಸಿದ ಇನ್ನೊಂದು ಜಾಲದಲ್ಲಿ ಹೆಚ್ಚಾದರೆ ಅದೇ ಇಲಿ ಸೋತು ಮೂಲೆ ಹಿಡಿಯುತ್ತದೆ. 2021ರಲ್ಲಿ ಕಾಸ್ಟ್ರೆನ್ ಅವರ ಹೆಲ್ಸಿಂಕಿ ತಂಡ ಫ್ಲುಆಕ್ಸೆಟಿನ್, ಇಮಿಪ್ರಮಿನ್, ಕೆಟಮಿನ್‌ಗಳು ನೇರವಾಗಿ ಟ್ರ್ಕ್‌ಬಿ ಗ್ರಾಹಕಕ್ಕೇ ಅಂಟಿಕೊಳ್ಳುತ್ತವೆ ಎಂದು ವರದಿ ಮಾಡಿತು. ಅದು ನಿಜವಾಗಿ ನಿಂತರೆ ಸೆರೊಟೊನಿನ್ನಿನ ಪಾತ್ರವನ್ನೇ ಮತ್ತೆ ಬರೆಯಬೇಕಾದೀತು. ಬೇರೆ ಪ್ರಯೋಗಾಲಯಗಳು ಅದನ್ನು ಇನ್ನಷ್ಟು ಒರೆಗೆ ಹಚ್ಚಬೇಕು.

ಅದಕ್ಕಾಗಿಯೇ ರಕ್ತದ ಬಿಡಿಎನ್‌ಎಫ್ ಪರೀಕ್ಷೆಯನ್ನು ಖಿನ್ನತೆಯ ಪರೀಕ್ಷೆಯೆಂದು ಯಾರು ಮಾರಲು ಬಂದರೂ ನಾವು ಎದುರು ನಿಲ್ಲುತ್ತೇವೆ. ಖಿನ್ನತೆ ಇರುವವರ ರಕ್ತದಲ್ಲಿ ಅದು ಸರಾಸರಿ ಕಡಿಮೆ ಇರುವುದು 2002ರಿಂದ ಗೊತ್ತು. ಆಮೇಲಿನ ದೊಡ್ಡ ವಿಶ್ಲೇಷಣೆಗಳಲ್ಲಿ ಆ ವ್ಯತ್ಯಾಸ ಮೊದಲು ಅಂದುಕೊಂಡಷ್ಟು ದೊಡ್ಡದಲ್ಲ ಎಂದು ಕಂಡಿತು. ರಕ್ತದಲ್ಲಿರುವ ಬಿಡಿಎನ್‌ಎಫ್‌ನ ಬಹುಪಾಲು ಪ್ಲೇಟ್‌ಲೆಟ್‌ಗಳಲ್ಲಿ ಶೇಖರವಾಗಿರುತ್ತದೆ, ಮಿದುಳಿನೊಳಗಿನ ಸ್ಥಿತಿಯನ್ನು ಅದು ನೇರವಾಗಿ ಹೇಳುವುದಿಲ್ಲ. ಒಬ್ಬ ಮನುಷ್ಯನ ರಕ್ತ ನೋಡಿ ಅವನಿಗೆ ಖಿನ್ನತೆ ಇದೆ, ಇಲ್ಲ ಎನ್ನಲು ಬರುವುದಿಲ್ಲ. ‘ಮಿದುಳು ಬೆಳೆಸುವ’ ಪುಡಿ, ಲೇಹ್ಯ, ಕ್ಯಾಪ್ಸೂಲುಗಳ ಜಾಹೀರಾತಿನ ವಿಷಯದಲ್ಲೂ ನಮ್ಮ ನಿಲುವು ಇದೇ. ಬಿಡಿಎನ್‌ಎಫ್ ಪ್ರೋಟೀನನ್ನೇ ಚುಚ್ಚುಮದ್ದಾಗಿ ಎಎಲ್‌ಎಸ್ ಎಂಬ ನರರೋಗ ಇದ್ದವರಿಗೆ ಕೊಟ್ಟ 1990ರ ದಶಕದ ಪ್ರಯೋಗ ಫಲ ಕೊಡಲಿಲ್ಲ. ರಕ್ತದಿಂದ ಮಿದುಳಿಗೆ ಇರುವ ತಡೆಗೋಡೆಯನ್ನು ಅದು ಸುಲಭವಾಗಿ ದಾಟುವುದಿಲ್ಲ.

ಕಾಸು ಖರ್ಚಿಲ್ಲದ ದಾರಿಗಳೂ ಇವೆ. ಓಡಿದ ಇಲಿಗಳ ಮಿದುಳಿನಲ್ಲಿ ಬಿಡಿಎನ್‌ಎಫ್ ಏರುವುದು 1995ರಿಂದಲೇ ಗೊತ್ತು. ಅಮೆರಿಕದಲ್ಲಿ 120 ಹಿರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ವರ್ಷವಿಡೀ ನಡೆಸಿದ ಅಧ್ಯಯನ 2011ರಲ್ಲಿ ಬಂತು. ನಡೆದವರ ಹಿಪ್ಪೊಕ್ಯಾಂಪಸ್ ಶೇ 2ರಷ್ಟು ಹಿಗ್ಗಿತ್ತು, ಬರೀ ಮೈ ಸಡಿಲಿಸುವ ವ್ಯಾಯಾಮ ಮಾಡಿದವರದು ಕುಗ್ಗಿತ್ತು. ನಿಮ್ಹಾನ್ಸ್‌ನವರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯೋಗ ಮಾಡಿದ ಖಿನ್ನತೆ ರೋಗಿಗಳಲ್ಲಿ ಲಕ್ಷಣಗಳು ಇಳಿದು ರಕ್ತದ ಬಿಡಿಎನ್‌ಎಫ್ ಏರಿತ್ತು. ಅದು ಸಣ್ಣ ಅಧ್ಯಯನ, ಯಾರು ಯಾವ ಗುಂಪಿಗೆ ಎಂದು ಚೀಟಿ ಎತ್ತಿ ಹಂಚಿರಲಿಲ್ಲ. ಅದನ್ನು ಹಿಡಿದು ‘ಮಾತ್ರೆ ಬಿಡಿ, ಯೋಗ ಮಾಡಿ’ ಎನ್ನುವವರ ಜೊತೆ ನಾವಿಲ್ಲ. ಹಾಸಿಗೆಯಿಂದ ಏಳಲಾಗದವರಿಗೆ ‘ವಾಕಿಂಗ್ ಹೋಗು’ ಎಂದು ಗದರುವವರ ಜೊತೆಯೂ ಇಲ್ಲ. ಜೊತೆಗೆ ಚಪ್ಪಲಿ ಮೆಟ್ಟಿಕೊಂಡು ಹೊರಡುವವರು ನಮ್ಮವರು.

ನಮ್ಮ ಬೇಡಿಕೆಗಳಲ್ಲಿ ಮೊದಲನೆಯದಕ್ಕೆ ಹೊಸ ಕಾನೂನು ಬೇಕಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 22ನೇ ಸೆಕ್ಷನ್, ಕಾಯಿಲೆ ಯಾವುದು, ಚಿಕಿತ್ಸೆ ಏನು, ಅದರ ಅಡ್ಡಪರಿಣಾಮಗಳೇನು ಎನ್ನುವುದನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ ತಿಳಿಸಬೇಕು ಎನ್ನುತ್ತದೆ. ಮಾತ್ರೆಯ ಡಬ್ಬಿಯೊಳಗೆ ಮಡಿಸಿಟ್ಟ, ಭೂತಗನ್ನಡಿಗೂ ಕಾಣದ ಇಂಗ್ಲಿಷ್ ಕಾಗದ ಆ ಕಾಯ್ದೆಯನ್ನು ಪಾಲಿಸಿದಂತಲ್ಲ. ಕನ್ನಡದಲ್ಲಿ ದಪ್ಪ ಅಕ್ಷರದ ಒಂದು ಹಾಳೆ ಪ್ರತಿ ಕವರಿನ ಜೊತೆಗೂ ಹೋಗಬೇಕು. ಓದು ಬಾರದವರಿಗೆ ಅದನ್ನು ಓದಿ ಹೇಳಬೇಕು. ತುಳು, ಕೊಂಕಣಿ, ಉರ್ದು, ಲಂಬಾಣಿ ಮಾತನಾಡುವವರಿಗೆ ಅವರ ಮಾತಿನಲ್ಲೇ ಹೇಳಬೇಕು.

ಎರಡನೆಯದು, ಹದಿನೈದು ದಿನ ಬಿಟ್ಟು ಬನ್ನಿ ಎಂಬ ಪದ್ಧತಿ ಹೋಗಬೇಕು. ಮೊದಲ ವಾರದಲ್ಲೇ ಒಂದು ಫೋನ್ ಕರೆ, ಎರಡನೇ ವಾರ ಒಂದು ಭೇಟಿ, ಆರು ವಾರದವರೆಗೂ ತಪ್ಪದ ವಿಚಾರಣೆ ಇರಬೇಕು. ಇಪ್ಪತ್ತೈದರ ಕೆಳಗಿನವರ ವಿಷಯದಲ್ಲಿ ಇದು ಜೀವದ ಪ್ರಶ್ನೆ: ಮೊದಲ ವಾರಗಳಲ್ಲಿ ಕೆಲವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು ಎಂದು ಅಮೆರಿಕದ ಔಷಧಿ ಇಲಾಖೆ 2004ರಲ್ಲಿ ಮಕ್ಕಳು, ಹದಿಹರೆಯದವರ ಬಗ್ಗೆ, 2007ರಲ್ಲಿ ಇಪ್ಪತ್ನಾಲ್ಕರವರೆಗಿನವರ ಬಗ್ಗೆಯೂ ಔಷಧಿಯ ಮಾಹಿತಿ ಹಾಳೆಯಲ್ಲೇ ಎಚ್ಚರಿಕೆ ಹಾಕಿಸಿದೆ. ಇದು ಆಗದ ಕೆಲಸವಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮನೋರೋಗ ಚಿಕಿತ್ಸೆ ಕೊಟ್ಟು ತೋರಿಸಿದ ದಾರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರಗಳು ನಮ್ಮಲ್ಲಿವೆ. ಆ ಮಂಗಳವಾರಕ್ಕೂ ಮುಂದಿನದಕ್ಕೂ ನಡುವಿನ ದಿನಗಳನ್ನು ಯಾರು ನೋಡಿಕೊಳ್ಳುತ್ತಾರೆ ಎನ್ನುವುದು ನಮ್ಮ ಪ್ರಶ್ನೆ. ಆಶಾ ಕಾರ್ಯಕರ್ತೆಯರಿಗೆ ಆ ಕೆಲಸ ಕೊಡುವುದಾದರೆ ಅದಕ್ಕೆ ತಕ್ಕ ತರಬೇತಿಯನ್ನೂ ಸಂಬಳವನ್ನೂ ಕೊಡಲಿ, ಅವರ ಹೆಗಲಿಗೆ ಪುಕ್ಕಟೆ ಹೊರೆ ಹೊರಿಸುವುದನ್ನು ನಾವು ಒಪ್ಪುವುದಿಲ್ಲ.

ಎಸ್ಸಿಟಾಲೊಪ್ರಾಮ್ ಜೊತೆ ಕ್ಲೊನಾಜೆಪಾಮ್ ಸೇರಿಸಿದ ಜೋಡಿ ಗುಳಿಗೆಯನ್ನು ತಿಂಗಳುಗಟ್ಟಲೆ ಬರೆಯುವ ರೂಢಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅಭ್ಯಾಸವಾಗಿಬಿಡುತ್ತದೆ ಎಂಬ ಜನರ ಭಯ ಹುಟ್ಟಿದ್ದೇ ಇಲ್ಲಿಂದ. ಅದು ಆಧಾರವಿಲ್ಲದ ಭಯವೂ ಅಲ್ಲ, ಕ್ಲೊನಾಜೆಪಾಮ್‌ಗೆ ದೇಹ ಒಗ್ಗಿಹೋಗುತ್ತದೆ. ಎರಡು ಔಷಧಿ, ಎರಡು ಕೆಲಸ, ಎರಡು ಅವಧಿ. ಒಂದೇ ಗುಳಿಗೆಯಲ್ಲಿ ಅವನ್ನು ಬೆಸೆದಿರುವಾಗ ರೋಗಿಗೆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುವ ದಾರಿಯೇ ಇರುವುದಿಲ್ಲ. ಇದನ್ನು ಬರೆಯುವ ವೈದ್ಯರು ಯಾಕೆ, ಎಷ್ಟು ದಿನ ಎಂದು ಚೀಟಿಯಲ್ಲೇ ಬರೆಯಲಿ.

ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರಿಗೆ, ಕಾಫಿ ತೋಟದಲ್ಲಿ ದುಡಿಯುವವರಿಗೆ, ರಾತ್ರಿ ಪಾಳಿಯ ಟೆಕಿಗಳಿಗೆ ಮೊದಲ ಆರು ವಾರ ಹಗಲು ಪಾಳಿ ಸಿಗಬೇಕು, ಆಸ್ಪತ್ರೆ ದಿನ ಸಂಬಳ ಕಡಿತ ಆಗಬಾರದು. ನಿದ್ದೆ ಕೆಡಿಸಿ ಮಿದುಳು ಸುಧಾರಿಸಲಿ ಎಂದು ಕಾಯಲಾಗದು. ದೇಶದಲ್ಲಿ 20 ಜನರಿಗೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆಗೆ ಬೀಳುತ್ತಾರೆ, ಅವರಲ್ಲಿ ಶೇ 80ಕ್ಕೂ ಹೆಚ್ಚು ಜನಕ್ಕೆ ಚಿಕಿತ್ಸೆಯೇ ಸಿಗುವುದಿಲ್ಲ ಎಂದು ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆ ಹೇಳಿತು. ಅಷ್ಟು ದೂರ ದಾಟಿ ಆಸ್ಪತ್ರೆಯ ಮೆಟ್ಟಿಲು ಹತ್ತಿದವರನ್ನಾದರೂ ಹತ್ತನೇ ದಿನಕ್ಕೆ ಕಳೆದುಕೊಳ್ಳಬಾರದು.

ಸರ್ಕಾರ ಮಾಡುವವರೆಗೂ ನಾವು ಕಾಯುವುದಿಲ್ಲ. ಹಾಳೆಯನ್ನು ನಾವೇ ಬರೆದಿದ್ದೇವೆ, ನಮ್ಮಲ್ಲಿನ ವೈದ್ಯರು ತಿದ್ದಿದ್ದಾರೆ. ಅದರಲ್ಲಿ ಹೀಗಿದೆ:

‘ಇದು ನಿದ್ದೆ ಮಾತ್ರೆ ಅಲ್ಲ. ನಿಮ್ಮ ಮಿದುಳಿನ ನರಕೋಶಗಳು ಹೊಸ ಸಂಪರ್ಕ ಬೆಳೆಸಿಕೊಳ್ಳಲು ಇದು ನೆರವಾಗುತ್ತದೆ ಎಂದು ಸಂಶೋಧನೆಗಳು ಸೂಚಿಸುತ್ತವೆ. ಅದಕ್ಕೆ ವಾರಗಳು ಬೇಕು. ಮೊದಲ ಕೆಲವು ದಿನ ವಾಕರಿಕೆ, ತಲೆನೋವು, ಚಡಪಡಿಕೆ ಆಗಬಹುದು, ಹೆಚ್ಚಿನವರಿಗೆ ಕಡಿಮೆಯಾಗುತ್ತದೆ. ಲೈಂಗಿಕ ಆಸಕ್ತಿ ಕುಂದಬಹುದು, ನಾಚಿಕೆ ಬೇಡ, ವೈದ್ಯರಿಗೆ ಹೇಳಿ, ಬೇರೆ ಮಾತ್ರೆ ಇದೆ. ನಿದ್ದೆಯೇ ಬೇಡ ಅನ್ನಿಸುವಷ್ಟು ಹುರುಪು, ಮಿತಿಮೀರಿದ ಖರ್ಚು, ಮಾತು ಶುರುವಾದರೆ ಅಂದೇ ಆಸ್ಪತ್ರೆಗೆ ಹೋಗಿ. ಸಾಯುವ ಯೋಚನೆ ಬಂದರೆ ಯಾರಿಗಾದರೂ ಕೂಡಲೇ ಹೇಳಿ, 14416 ಟೆಲಿ ಮಾನಸ್‌ಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ. ಆರು ವಾರವಾದರೂ ಏನೂ ಬದಲಾಗದಿದ್ದರೆ ಅದು ನಿಮ್ಮ ತಪ್ಪಲ್ಲ, ಬೇರೆ ಚಿಕಿತ್ಸೆಗಳಿವೆ. ಚೆನ್ನಾಗಿದೆ ಅನ್ನಿಸಿದ ಕೂಡಲೇ ಬಿಡಬೇಡಿ. ಬಿಡುವಾಗಲೂ ಒಮ್ಮೆಲೇ ಬಿಡಬೇಡಿ, ವೈದ್ಯರ ಜೊತೆ ಮಾತನಾಡಿ ಸ್ವಲ್ಪ ಸ್ವಲ್ಪವಾಗಿ ಇಳಿಸಿ.’

ಹಾಳೆಯ ಕೊನೆಯಲ್ಲಿ ಒಂದು ಗೆರೆ ಇದೆ: ‘ಈ ಆರು ವಾರ ನಿಮ್ಮ ಜೊತೆ ಇರುವವರು.’ ಅದರ ಮುಂದೆ ಒಂದು ಹೆಸರು, ಒಂದು ಫೋನ್ ನಂಬರ್. ಮನೆಯವರದಾಗಬಹುದು, ಗೆಳತಿಯದಾಗಬಹುದು, ಯಾರೂ ಇಲ್ಲದವರಿಗೆ ನಮ್ಮಲ್ಲಿ ಒಬ್ಬರದು. ಆ ಜಾಗ ಖಾಲಿ ಬಿಟ್ಟು ಒಂದು ಹಾಳೆಯನ್ನೂ ನಾವು ಯಾರ ಕೈಗೂ ಕೊಡುವುದಿಲ್ಲ.